ವೈನಿಯ ಫೈಲಿನಲ್ಲಿ ಅಣ್ಣನ ಒಂದೂ ಕಾಗದ ಇರಲಿಲ್ಲ

ನಮ್ಮ ವೈನಿಯ ಆಸ್ಪತ್ರೆ ಫೈಲು ನನ್ನ ಕೈಗೆ ಬಂದದ್ದು 2021ರಲ್ಲಿ, ನನ್ನ ಓದು ಮುಗಿದ ವರ್ಷ. ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ. ಪತ್ರಿಕೋದ್ಯಮ ಓದಿದವರಿಗೆ ಡಾಕ್ಟರ ಬರವಣಿಗೆಯೂ ತಿಳಿಯುತ್ತದೆ ಅಂತ ನಮ್ಮಪ್ಪನ ನಂಬಿಕೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಾ ಕೂತೆ. 2017ರಿಂದ ಶುರು. ಸ್ಕ್ಯಾನಿಂಗ್ ಹನ್ನೊಂದು. ಥೈರಾಯ್ಡ್ ಪರೀಕ್ಷೆ ನಾಲ್ಕು ಸಲ. ಗರ್ಭಕೋಶ ‘ಸ್ವಚ್ಛ’ ಮಾಡಿದ ಚೀಟಿ ಎರಡು. ಗರ್ಭನಾಳದೊಳಗೆ ಔಷಧ ಬಿಟ್ಟು ಎಕ್ಸ್‌ರೇ ತೆಗೆದದ್ದು ಒಂದು. ಗುಳಿಗೆ ಚೀಟಿಗಳಿಗೆ ಲೆಕ್ಕವಿಲ್ಲ. ಎಲ್ಲದರ ಮೇಲೂ ವೈನಿಯ ಹೆಸರು. ಅಣ್ಣನ ಹೆಸರು ಇದ್ದದ್ದು ಒಂದೇ ಕಡೆ, ‘ಗಂಡನ ಹೆಸರು’ ಅನ್ನುವ ಸಾಲಿನಲ್ಲಿ.

ಬಿಲ್ಲುಗಳನ್ನು ಕೂಡಿಸಿದೆ. ಸಿಕ್ಕವಷ್ಟೇ 86 ಸಾವಿರ ಆದವು. ಬಸ್ಸಿನ ಖರ್ಚು, ನಾಟಿ ಔಷಧಿ, ಹರಕೆ ಇದರಲ್ಲಿ ಸೇರಿಲ್ಲ.

ಇದನ್ನು ಬರೆಯುವುದಕ್ಕೆ ಅಣ್ಣ, ವೈನಿ ಇಬ್ಬರೂ ಒಪ್ಪಿದ್ದಾರೆ. ‘ಹೆಸರು ಹಾಕಬ್ಯಾಡ, ಊರು ಹಾಕಬ್ಯಾಡ, ಉಳಿದಿದ್ದು ಇದ್ದಂಗ ಹಾಕು’ ಅಂದ ಅಣ್ಣ. ಅದಕ್ಕೇ ಈ ಬರಹಕ್ಕೆ ನನ್ನ ಹೆಸರೂ ಇಲ್ಲ. ಹಾವೇರಿ ಜಿಲ್ಲೆಯ ಒಂದು ಹಳ್ಳಿ ಅಂದುಕೊಳ್ಳಿ, ಸಾಕು.

ಮದುವೆಯಾದದ್ದು 2015ರಲ್ಲಿ. ವೈನಿಗೆ ಆಗ 22. ಒಂದು ವರ್ಷ ಯಾರೂ ಏನೂ ಅನ್ನಲಿಲ್ಲ. ಎರಡನೇ ವರ್ಷದಿಂದ ಅವ್ವ ಪಂಚಾಂಗ ನೋಡಿಸಲು ಶುರುಮಾಡಿದಳು. ಮಂಗಳವಾರದ ಉಪವಾಸ, ನಾಗರಕಟ್ಟೆ ಸುತ್ತುವುದು, ಸವದತ್ತಿ ಎಲ್ಲಮ್ಮನಿಗೆ ಹರಕೆ, ಗುಡಿಯ ಮುಂದಿನ ಗಿಡಕ್ಕೆ ಕಟ್ಟಿದ ಪುಟ್ಟ ಕಟ್ಟಿಗೆ ತೊಟ್ಟಿಲು. ಎಲ್ಲಾ ವೈನಿಯ ಪಾಲಿಗೆ. ದೇವರ ಮೇಲೆ ನನಗೆ ತಕರಾರಿಲ್ಲ. ಆದರೆ ಉಪವಾಸವಾದರೂ ಅರ್ಧ ಅಣ್ಣನ ಪಾಲಿಗೆ ಬರಬಹುದಿತ್ತಲ್ಲ? ಅವನು ಮಂಗಳವಾರವೂ ನಾಲ್ಕು ರೊಟ್ಟಿ ತಿಂದು ಹೊಲಕ್ಕೆ ಹೋಗುತ್ತಿದ್ದ.

ಓಣಿಯಲ್ಲಿ ಯಾರದಾದರೂ ಕುಬಸ ಇದ್ದರೆ ವೈನಿಗೆ ಕರೆ ಬರುತ್ತಿತ್ತು, ಅಡಿಗೆಗೆ. ಉಡಿ ತುಂಬುವ ಹೊತ್ತಿಗೆ ಯಾರೋ ಹಿರಿಯರು ‘ನೀ ಒಳಗ ಅನ್ನ ನೋಡ್ಹೋಗವಾ’ ಅನ್ನುತ್ತಿದ್ದರು. ಬಯ್ಯುತ್ತಿರಲಿಲ್ಲ, ಮೆತ್ತಗೇ ಹೇಳುತ್ತಿದ್ದರು. ಆ ಮೆತ್ತಗಿನ ಮಾತಿಗೆ ತಿರುಗಿ ಏನು ಹೇಳುತ್ತೀರಿ?

ಒಂದು ಸಂಗತಿ ಗಮನಿಸಿ. ನಮ್ಮ ಆಡುಮಾತಿನಲ್ಲಿ ‘ಬಂಜೆ’ ಇದೆ. ಅದರ ಗಂಡು ಪದ ಯಾವುದು? ಪೇಪರಿನವರು ‘ಪುರುಷ ಬಂಜೆತನ’ ಅಂತ ಬರೆಯುತ್ತಾರೆ, ಗಂಡಸಿಗೆ ಸೀರೆ ಉಡಿಸಿದ ಹಾಗೆ. ‘ಷಂಡ’ ಅನ್ನುವುದು ಬೇರೆ ಮಾತು, ಅದು ಬೈಗುಳ. ಹೆಂಡತಿಯ ಜತೆ ಕೂಡುವ ಶಕ್ತಿ ಇಲ್ಲದವನಿಗೆ ಅನ್ನುವುದು. ಕೂಡುವ ಶಕ್ತಿ ಪೂರ್ತಿ ಇದ್ದೂ ವೀರ್ಯದಲ್ಲಿ ಜೀವಾಣು ಕಡಿಮೆ ಇರುವವನಿಗೆ ನಮ್ಮಲ್ಲಿ ಪದವೇ ಇಲ್ಲ. ಪದ ಇಲ್ಲದ್ದರಿಂದ ಅಂಥವನೊಬ್ಬ ಇರಬಹುದು ಅಂತಲೂ ನಮಗೆ ಹೊಳೆಯುವುದಿಲ್ಲ. ಹೊಳೆದರೂ ಎರಡನ್ನೂ ಒಂದೇ ಅಂದುಕೊಂಡು ಗಂಡಸರು ಹೆದರುತ್ತಾರೆ.

ಹುಬ್ಬಳ್ಳಿಯ ಡಾಕ್ಟರ ಹತ್ತಿರ ಹೋದಾಗ ನಾನು ಫೈಲು ಮುಂದಿಟ್ಟೆ. ಅವರು ಹತ್ತು ನಿಮಿಷ ಹಾಳೆ ತಿರುವಿದರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಅಣ್ಣನನ್ನು ನೋಡಿ, ‘ನಿಮ್ಮ ರಿಪೋರ್ಟ್ ಎಲ್ಲೈತ್ರಿ?’ ಅಂದರು. ಅಣ್ಣ ‘ನನಗೇನಾಗೈತ್ರಿ?’ ಅಂದ. ‘ಏನಾಗೈತಿ ಅಂತ ನನಗೂ ಗೊತ್ತಿಲ್ಲ. ಅದಕ್ಕ ಕೇಳಿದೆ.’

ಅಣ್ಣ ಹೊರಗೆ ಹೋದವನು ವಾಪಸ್ ಬರಲಿಲ್ಲ. ಚಹಾದಂಗಡಿಯಲ್ಲಿ ಸಿಕ್ಕ. ಬಸ್ಸಿನಲ್ಲಿ ಒಂದು ಮಾತಿಲ್ಲ. ಪರೀಕ್ಷೆಗೆ ಒಪ್ಪಲು ಆರು ವಾರ ಹಿಡಿಯಿತು. ಯಾರು ಒಪ್ಪಿಸಿದರು ಅಂತ ನನಗೆ ಗೊತ್ತಿಲ್ಲ, ಗಂಡ ಹೆಂಡತಿ ನಡುವಿನ ಮಾತು ಅದು.

ಪರೀಕ್ಷೆ ಅಂದರೆ ಇಷ್ಟೇ. ಎರಡರಿಂದ ಏಳು ದಿನ ಹೆಂಡತಿಯಿಂದ ದೂರ ಇರಬೇಕು. ಲ್ಯಾಬಿನವರು ಒಂದು ಸಣ್ಣ ಡಬ್ಬಿ ಕೊಡುತ್ತಾರೆ, ಅದರಲ್ಲಿ ವೀರ್ಯ ಹಿಡಿದು ಕೊಡಬೇಕು. ಸೂಜಿ ಇಲ್ಲ, ನೋವಿಲ್ಲ. ನಾಚಿಕೆ ಇದೆ. ಅಣ್ಣನಿಗೆ ತೋರಿಸಿದ್ದು ಚಿಲಕ ಸರಿಯಿಲ್ಲದ ಒಂದು ಪಾಯಖಾನೆ, ಹೊರಗೆ ನಾಲ್ಕು ಜನ ಸಾಲಿನಲ್ಲಿ. ಲ್ಯಾಬಿನವರು ಇದಕ್ಕೊಂದು ನೆಟ್ಟಗಿನ ಕೋಣೆ ಕೊಟ್ಟರೆ ಎಷ್ಟೋ ಗಂಡಸರು ಎರಡನೇ ಸಲವೂ ಬಂದಾರು. ಅವನು ಕಟ್ಟಿದ್ದು 400 ರೂಪಾಯಿ. 86 ಸಾವಿರ ಖರ್ಚು ಮಾಡಿದ ನಾಲ್ಕು ವರ್ಷದಲ್ಲಿ ಮೊದಲ ದಿನವೇ ಆಗಬೇಕಿದ್ದ ಪರೀಕ್ಷೆ ಇದು.

ಒಂದು ಮಿಲಿಲೀಟರಿನಲ್ಲಿ ಕನಿಷ್ಠ 1.6 ಕೋಟಿ ಜೀವಾಣು ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜು. ಎಣಿಕೆ ಒಂದೇ ಅಲ್ಲ, ಅವು ಮುಂದಕ್ಕೆ ಓಡುತ್ತವೆಯೋ, ಆಕಾರ ಸರಿಯಿದೆಯೋ ಅಂತಲೂ ನೋಡುತ್ತಾರೆ. ಅಣ್ಣನ ರಿಪೋರ್ಟಿನಲ್ಲಿ 30 ಲಕ್ಷ ಇತ್ತು.

30 ಲಕ್ಷ ಅಂದರೆ ಅಣ್ಣನಿಗೆ ಬಹಳ ಅನ್ನಿಸಿತು. ‘ಇಷ್ಟ್ ಅದಾವಲ್ಲ, ಒಂದು ಸಾಲಂಗಿಲ್ಲೇನು?’ ಅಂದ. ಡಾಕ್ಟರು ನಗಲಿಲ್ಲ. ದಾರಿ ಉದ್ದ, ಬಹಳಷ್ಟು ನಡುವೆಯೇ ಸಾಯುತ್ತವೆ, ಹೊರಟವು ಕೋಟಿ ಇದ್ದರೆ ಅಂಡದ ಹತ್ತಿರ ಮುಟ್ಟುವುದು ನೂರರ ಲೆಕ್ಕದಲ್ಲಿ ಅಂತ ತಿಳಿಸಿ ಹೇಳಿದರು. ಗಂಡಸುತನಕ್ಕೂ ಈ ಎಣಿಕೆಗೂ ಸಂಬಂಧ ಇಲ್ಲ ಅಂತ ಎರಡು ಸಲ ಹೇಳಿದರು. ವೃಷಣದ ನರ ಊದಿಕೊಂಡಿದ್ದರೆ, ಹಾರ್ಮೋನು ಏರುಪೇರಾದರೆ, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣಕ್ಕೆ ತಗುಲಿದ್ದರೆ, ತಂಬಾಕು, ಕುಡಿತ ಹೆಚ್ಚಿದ್ದರೆ ಹೀಗಾಗಬಹುದು. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಅಣ್ಣನದೂ ಹಾಗೇ. ಮೊದಲು ಗುಟ್ಕಾ ಬಿಡಿ, ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡೋಣ ಅಂದರು. ಮೂರು ತಿಂಗಳು ಯಾಕೆಂದರೆ ಜೀವಾಣು ಹುಟ್ಟಿ ಬಲಿತು ಹೊರಬರಲು ಎರಡೂವರೆ ತಿಂಗಳಿಗೂ ಮಿಕ್ಕಿ ಬೇಕು. ಇವತ್ತು ಗುಟ್ಕಾ ಬಿಟ್ಟರೆ ಅದರ ಫಲ ಮುಂದಿನ ಬೆಳೆಗೆ ಕಾಣುತ್ತದೆ.

ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಈ ತೊಂದರೆ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಅದೊಂದೇ ಆಗಿ ಇಲ್ಲವೇ ಹೆಂಗಸಿನ ಕಾರಣದ ಜತೆ ಸೇರಿ. ಡಾಕ್ಟರರಿಗೆಲ್ಲ ಇದು ಗೊತ್ತು. ಆದರೂ ವೈನಿಯನ್ನು ನೋಡಿದ ಮೂರು ಕಡೆಯೂ ಅಣ್ಣನನ್ನು ಯಾರೂ ಕೇಳಲಿಲ್ಲ. ಬಂದವಳು ಅವಳು, ಮಲಗಿಸಿದ್ದು ಅವಳನ್ನು.

ರಿಪೋರ್ಟ್ ಬಂದ ರಾತ್ರಿ ಅಟ್ಟದ ಮೇಲೆ ಕೂತು ವೈನಿ ನನಗೆ ಹೇಳಿದ ಮಾತು ಇದು: ‘ಅತ್ತಿಗೆ ಹೇಳಬ್ಯಾಡ ತಂಗಿ. ನನಗ ಮಾತು ಕೇಳಿ ರೂಢಿ ಆಗೈತಿ. ನಿಮ್ಮಣ್ಣಗ ಆಗಂಗಿಲ್ಲ.’

ಒಂದು ತಿಂಗಳು ಹಾಗೇ ನಡೆಯಿತು. ಆ ತಿಂಗಳೇ ಅವ್ವ ಇನ್ನೊಂದು ಮದುವೆಯ ಮಾತು ತೆಗೆದಳು. ಹಿಂದೆಯೂ ತೆಗೆದಿದ್ದಳು, ಆದರೆ ಈ ಸಲ ಹುಡುಗಿಯ ಊರಿನ ಹೆಸರು ಹೇಳಿಯೇ. ಅಣ್ಣ ಊಟಕ್ಕೆ ಕೂತಿದ್ದ. ತಾಟು ಬದಿಗಿಟ್ಟು, ‘ಅಕೀಗೂ ಆಗಂಗಿಲ್ಲ ಯವ್ವ. ಕೊರತಿ ಇರೋದು ನನ್ನಾಗ’ ಅಂದ. ಅವ್ವ ನಂಬಲಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಾನೆ ಅಂದಳು. ನಾನು ರಿಪೋರ್ಟ್ ತಂದು ಓದಿ ಹೇಳಿದೆ. ಅವ್ವ ಎದ್ದು ಹಿತ್ತಲಿಗೆ ಹೋದಳು. ಮರುದಿನದಿಂದ ಮದುವೆಯ ಮಾತು ನಿಂತಿತು. ವೈನಿಗೆ ಅವಳು ಒಂದು ಮಾತೂ ಹೇಳಲಿಲ್ಲ, ನಾಲ್ಕು ವರ್ಷ ಅಂದದ್ದಕ್ಕೆ. ಆ ವಾರ ಎಮ್ಮೆಯ ಹಾಲಿನ ಮೊದಲ ಲೋಟ ವೈನಿಗೆ ಬಂತು. ನಮ್ಮವ್ವನಿಂದ ಅಷ್ಟೇ ಸಾಧ್ಯ.

ಮೂರು ತಿಂಗಳ ಮೇಲೆ ಎಣಿಕೆ 50 ಲಕ್ಷ ಆಯಿತು. ಮೊದಲು ಐಯುಐ ಮಾಡಿದರು. ಅಂಡ ಬಿಡುಗಡೆಯಾಗುವ ಹೊತ್ತು ನೋಡಿಕೊಂಡು, ತೊಳೆದು ಶುದ್ಧ ಮಾಡಿದ ವೀರ್ಯವನ್ನು ತೆಳ್ಳನೆಯ ನಳಿಕೆಯಲ್ಲಿ ನೇರ ಗರ್ಭಕೋಶಕ್ಕೆ ಬಿಡುವುದು. ಒಂದು ಸಲಕ್ಕೆ ನಮಗೆ ಸುಮಾರು 9 ಸಾವಿರ ಬಿತ್ತು. ಎರಡು ಸಲ ಮಾಡಿದರು, ಎರಡೂ ಹೋದವು. ಎಣಿಕೆ ಇಷ್ಟು ಕಡಿಮೆ ಇದ್ದಾಗ ಇದನ್ನೇ ಮತ್ತೆ ಮತ್ತೆ ಮಾಡುವುದರಲ್ಲಿ ಅರ್ಥವಿಲ್ಲ ಅಂತ ಡಾಕ್ಟರೇ ನಿಲ್ಲಿಸಿದರು. ಐದಾರು ಸಲ ಎಳೆದು ದುಡ್ಡು ಮಾಡಬಹುದಿತ್ತು, ಮಾಡಲಿಲ್ಲ.

ಮುಂದಿನದು ಐವಿಎಫ್, ಅದರಲ್ಲೂ ಇಕ್ಸಿ. ನಮ್ಮಜ್ಜ ಕೇಳಿದ, ‘ಬಾಟ್ಲಿಯೊಳಗ ಕೂಸು ಬೆಳಸ್ತಾರಂತಲ್ಲ, ಹೌದನು?’ ‘ಟೆಸ್ಟ್ ಟ್ಯೂಬ್ ಬೇಬಿ’ ಅನ್ನುವ ಹೆಸರು ಮಾಡಿದ ಅನಾಹುತ ಇದು. ಕೂಸು ಬೆಳೆಯುವುದು ತಾಯಿಯ ಹೊಟ್ಟೆಯಲ್ಲೇ. ಅಂಡ ಮತ್ತು ಜೀವಾಣು ಕೂಡುವುದು, ಮೊದಲ ಮೂರರಿಂದ ಐದು ದಿನ ಇರುವುದು ಮಾತ್ರ ಲ್ಯಾಬಿನ ಒಂದು ಸಣ್ಣ ತಟ್ಟೆಯಲ್ಲಿ. ಜಗತ್ತಿನ ಮೊದಲ ಇಂಥ ಮಗು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿ ಎರಡನೆಯದನ್ನು ಸಾಧಿಸಿದರು. ಸರ್ಕಾರದ ಸಮಿತಿ ನಂಬಲಿಲ್ಲ, ಅವಮಾನ ಮಾಡಿತು. ಆ ಮನುಷ್ಯ 1981ರಲ್ಲಿ ಜೀವ ತೆಗೆದುಕೊಂಡರು. ಅವರ ಕೆಲಸ ನಿಜ ಅಂತ ದೇಶ ಒಪ್ಪಿದ್ದು ಎಷ್ಟೋ ವರ್ಷಗಳ ಮೇಲೆ. ಇದನ್ನು ಹೇಳಿದಾಗ ಅಜ್ಜ, ‘ಡಾಕ್ಟರ್‌ಗೂ ಮಾತು ತಪ್ಪಲಿಲ್ಲ ಹಂಗಾರ’ ಅಂದ.

ದುಡ್ಡು ಎಲ್ಲಿಂದ? ಆಯುಷ್ಮಾನ್ ಭಾರತ್ ಕಾರ್ಡಿನಲ್ಲಿ ಈ ಚಿಕಿತ್ಸೆ ಸೇರಿಲ್ಲ. ಸಂಘದಲ್ಲಿ ಎಮ್ಮೆಗೆ ಸಾಲ ಸಿಗುತ್ತದೆ, ಕೂಸಿಗೆ ಸಿಗುವುದಿಲ್ಲ. ಒಂದು ಜೋಡಿ ಎತ್ತು ಹೋಯಿತು, ವೈನಿಯ ತವರಿನ ಎರಡು ಬಳೆ ಬ್ಯಾಂಕಿಗೆ ಹೋದವು. ಇಂಜೆಕ್ಷನ್ ಸೇರಿ 1 ಲಕ್ಷ 85 ಸಾವಿರ.

ಆಸ್ಪತ್ರೆ ಆರಿಸುವಾಗ ನಾನು ಸ್ವಲ್ಪ ಹಟ ಮಾಡಿದೆ. ಹುಬ್ಬಳ್ಳಿ ದಾರಿಯುದ್ದಕ್ಕೂ ಬೋರ್ಡುಗಳಿವೆ, ಬೆಳ್ಳಗಿನ, ನೀಲಿ ಕಣ್ಣಿನ ಕೂಸುಗಳು. ನಮ್ಮ ಸೀಮೆಯಲ್ಲಿ ಅಂಥ ಕೂಸು ಹುಟ್ಟಿದ್ದನ್ನು ನಾನಂತೂ ಕಂಡಿಲ್ಲ. ತಾಲ್ಲೂಕಿನಲ್ಲಿ ಒಂದು ‘ಉಚಿತ ಶಿಬಿರ’ಕ್ಕೂ ಹೋಗಿ ಬಂದೆವು. ತಪಾಸಣೆ ಉಚಿತ, ಆಮೇಲೆ ಪ್ಯಾಕೇಜಿನ ಮಾತು, ಮುಂಗಡ ಇವತ್ತೇ ಕಟ್ಟಿದರೆ ಇಪ್ಪತ್ತು ಸಾವಿರ ಕಡಿಮೆ. ಗೊಬ್ಬರದಂಗಡಿಯವನೂ ಅಷ್ಟು ಅವಸರ ಮಾಡುವುದಿಲ್ಲ. ಗ್ಯಾರಂಟಿ ಕೊಡುತ್ತೇವೆ ಅಂದವರ ಹತ್ತಿರ ನಾವು ಕೂರಲಿಲ್ಲ. ಈ ಚಿಕಿತ್ಸೆಯಲ್ಲಿ ಗ್ಯಾರಂಟಿ ಅನ್ನುವುದೇ ಇಲ್ಲ. ಹೆಂಗಸಿನ ವಯಸ್ಸು 35ರ ಒಳಗಿದ್ದು ಉಳಿದದ್ದೆಲ್ಲ ಸರಿಯಿದ್ದಾಗಲೂ ಒಂದು ಪ್ರಯತ್ನದಲ್ಲಿ ಆಗದೇ ಇರುವವರೇ ಹೆಚ್ಚು.

2021ರ ಡಿಸೆಂಬರ್‌ನಲ್ಲಿ ಸಂಸತ್ತು ಇದಕ್ಕಾಗಿಯೇ ಒಂದು ಕಾನೂನು ಮಾಡಿದೆ. ಐವಿಎಫ್ ಮಾಡುವ ಆಸ್ಪತ್ರೆ ಅದರ ಕೆಳಗೆ ನೋಂದಣಿಯಾಗಿರಬೇಕು. ಎಷ್ಟು ಖರ್ಚು, ಎಷ್ಟು ಆಸೆ ಇಟ್ಟುಕೊಳ್ಳಬಹುದು, ಏನು ಅಪಾಯ, ದತ್ತು ತೆಗೆದುಕೊಳ್ಳುವ ದಾರಿಯೂ ಇದೆ, ಇಷ್ಟನ್ನೂ ಮೊದಲೇ ತಿಳಿಸಿ ಹೇಳಬೇಕು. ದೂರು ಕೇಳಲು ಆಸ್ಪತ್ರೆಯಲ್ಲೇ ವ್ಯವಸ್ಥೆ ಇರಬೇಕು. ಇಬ್ಬರ ಬರವಣಿಗೆಯ ಒಪ್ಪಿಗೆ ಬೇಕು. ಸಹಿ ಹಾಕುವ ಹಾಳೆಗಳು ಇಂಗ್ಲಿಷಿನಲ್ಲಿದ್ದವು. ಓದಿ ಹೇಳುವ ತನಕ ಸಹಿ ಇಲ್ಲ ಅಂತ ನಾನು ಅಲ್ಲೇ ಕೂತೆ. ಬೇರೆಯವರ ವೀರ್ಯ ಬಳಸುವುದಕ್ಕೆ ಒಪ್ಪುವ ಹಾಳೆಯೂ ಆ ಕಟ್ಟಿನಲ್ಲೇ ಇತ್ತು. ನಮಗೆ ಅದರ ಅಗತ್ಯ ಇರಲಿಲ್ಲ, ತೆಗೆಸಿದೆವು. ಅದು ಕೆಟ್ಟದ್ದು ಅಂತಲ್ಲ. ಬೇಕಾದವರು ಯೋಚಿಸಿ, ಗೊತ್ತಿದ್ದೇ ಒಪ್ಪಬೇಕು ಅಷ್ಟೇ. ನಮ್ಮ ಸೋದರಮಾವ ಒಬ್ಬ ‘ಹೆಂಗೂ ರೊಕ್ಕ ಕೊಡ್ತೀರಿ, ಗಂಡು ಕೂಸನ್ನ ಕೇಳ್ರಿ’ ಅಂದ. ಕೇಳಿದರೂ ಅಪರಾಧ, ಮಾಡಿಕೊಟ್ಟರೂ ಅಪರಾಧ.

ತಿಂಗಳ ಸ್ರಾವದ ಎರಡನೇ ದಿನದಿಂದ ಹೊಟ್ಟೆಗೆ ಇಂಜೆಕ್ಷನ್ ಶುರು. ಹತ್ತು ಹನ್ನೊಂದು ದಿನ, ದಿನಾ ಒಂದೇ ಹೊತ್ತಿಗೆ. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡ ಬಲಿಯುತ್ತದೆ, ಈ ಔಷಧಿಯಿಂದ ಒಟ್ಟಿಗೆ ಹಲವು ಬಲಿಯುತ್ತವೆ. ಔಷಧಿ ತಂಪಿನಲ್ಲಿರಬೇಕು. ನಮ್ಮನೆಯಲ್ಲಿ ಫ್ರಿಜ್ ಇಲ್ಲ. ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿ, ತಂಪು ಪಾನೀಯದ ಬಾಟಲಿಗಳ ಹಿಂದೆ, ಒಂದು ಟಿಫಿನ್ ಡಬ್ಬಿಯಲ್ಲಿ ಇಟ್ಟೆವು. ಅಂಗಡಿಯಾಕೆ ಏನು ಅಂತ ಒಂದು ದಿನವೂ ಕೇಳಲಿಲ್ಲ, ಊರಿಗೂ ಹೇಳಲಿಲ್ಲ. ಸೂಜಿ ಚುಚ್ಚುವುದನ್ನು ನಾನೇ ಕಲಿತೆ. ನಡುವೆ ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್, ಬೆಳಗಿನ ಆರರ ಬಸ್ಸು.

ಅರಿವಳಿಕೆ ಕೊಟ್ಟು ತೆಗೆದಾಗ ಸಿಕ್ಕ ಅಂಡಗಳು ಒಂಬತ್ತು. ಬಲಿತವು ಏಳು. ಇಕ್ಸಿ ಅಂದರೆ ಒಂದೊಂದು ಅಂಡದೊಳಗೆ ಒಂದೊಂದು ಜೀವಾಣುವನ್ನು ಸೂಜಿಯಿಂದ ಬಿಡುವುದು. ‘ನಾ ಕೇಳಿದ್ದೂ ಅದ ಅಲ್ಲೇನು, ಒಂದು ಸಾಲಂಗಿಲ್ಲೇನಂತ’ ಅಂದ ಅಣ್ಣ. ಹೌದು, ಇಲ್ಲಿ ಒಂದು ಸಾಕು. ಏಳರಲ್ಲಿ ಐದು ಕೂಡಿದವು. ಐದನೇ ದಿನಕ್ಕೆ ಉಳಿದ ಭ್ರೂಣಗಳು ಮೂರು. ಬಿತ್ತಿದ್ದೆಲ್ಲ ಹುಟ್ಟುವುದಿಲ್ಲ, ಹುಟ್ಟಿದ್ದೆಲ್ಲ ತೆನೆ ಬಿಡುವುದಿಲ್ಲ ಅನ್ನುವುದು ಗೊತ್ತಿದ್ದ ಅಣ್ಣನಿಗೆ ಈ ಲೆಕ್ಕ ನನಗಿಂತ ಬೇಗ ತಿಳಿಯಿತು.

2022ರ ನವೆಂಬರ್‌ನಲ್ಲಿ ಒಂದನ್ನು ಗರ್ಭಕೋಶಕ್ಕೆ ಬಿಟ್ಟರು, ಎರಡನ್ನು ಶೀತದಲ್ಲಿ ಇಟ್ಟರು. ಎರಡು ವಾರದ ಮೇಲೆ ರಕ್ತಪರೀಕ್ಷೆ. ಅದಕ್ಕೆ ಹೋಗುವ ಅಗತ್ಯವೇ ಬೀಳಲಿಲ್ಲ. ಹಿಂದಿನ ರಾತ್ರಿಯೇ ವೈನಿ ಹೊರಗೆ ಕೂತಳು.

ಎತ್ತಿನ ದುಡ್ಡು ಒಂದು ರಾತ್ರಿಯಲ್ಲಿ ಮುಗಿದಿತ್ತು. ಆದರೆ ಶುರು ಮಾಡುವ ಮೊದಲೇ ಇಬ್ಬರೂ ಒಂದು ಮಾತು ಆಡಿಕೊಂಡಿದ್ದರು: ಅಂಡ ತೆಗೆಸುವುದು ಒಂದೇ ಸಲ. ಅದರಲ್ಲಿ ಸಿಕ್ಕಷ್ಟು ಭ್ರೂಣ ನಮ್ಮ ಪಾಲು. ಹೊಲ ಮಾರುವುದಿಲ್ಲ. ಈ ಒಂದು ಮಾತು ಇರದಿದ್ದರೆ ಅವತ್ತೇ ಇನ್ನೊಂದು ಸಾಲಕ್ಕೆ ಓಡುತ್ತಿದ್ದರು ಅಂತ ನನಗನ್ನಿಸುತ್ತದೆ. ಅಂಥವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದ್ದೇನೆ. ಐದನೇ ಸಲ ಬಂದವರು, ಎರಡೆಕರೆ ಕಳೆದುಕೊಂಡವರು. ಪ್ರತಿ ಸಲವೂ ‘ಇದೊಂದು ಸಲ’.

2023ರ ಆಗಸ್ಟಿನಲ್ಲಿ ಎರಡನೆಯದು. ರಿಪೋರ್ಟ್ ನನ್ನ ಮೊಬೈಲಿಗೆ ಬಂತು. 48 ಅಂತ ಇತ್ತು. 5ರ ಒಳಗಿದ್ದರೆ ಇಲ್ಲ, ಮೇಲಿದ್ದರೆ ಏನೋ ಇದೆ ಅಂತ ಲೆಕ್ಕ. ವೈನಿ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಬಡಿಯುವ ಕೈ ನಿಂತಿತು. ಎರಡು ದಿನಕ್ಕೆ ಆ ಅಂಕಿ ಹೆಚ್ಚುಕಡಿಮೆ ದುಪ್ಪಟ್ಟಾಗಬೇಕು, ಆಗ ನಂಬೋಣ ಅಂದಿದ್ದರು ಡಾಕ್ಟರು. ಎರಡು ದಿನದ ಮೇಲೆ 20 ಬಂತು.

‘ಎರಡ ದಿನ ಬಸರಾಗಿದ್ದೆ ನೋಡು’ ಅಂದಳು ವೈನಿ, ಆ ಸಂಜೆ. ಅಳಲಿಲ್ಲ. ನಾನು ಅತ್ತೆ.

ಈಗ ವೈನಿಗೆ 32. ಅಣ್ಣ ಗುಟ್ಕಾಕ್ಕೆ ತಿರುಗಿ ಹೋಗಿಲ್ಲ. ಮದುವೆಯಾಗಿ ಎರಡು ಮೂರು ವರ್ಷವಾದ ನಮ್ಮ ಕೇರಿಯ ಇಬ್ಬರು ಹುಡುಗರನ್ನು ತಾನೇ ಬೈಕಿನ ಮೇಲೆ ಕೂರಿಸಿಕೊಂಡು ಹಾವೇರಿಯ ಲ್ಯಾಬಿಗೆ ಹೋಗಿ ಬಂದಿದ್ದಾನೆ. ಅವರ ರಿಪೋರ್ಟಿನ ವಿಚಾರ ಅವರಿಗೆ ಬಿಟ್ಟದ್ದು. ಆದರೆ ಅವರ ಹೆಂಡಂದಿರು ಇನ್ನೂ ಒಂದು ಗುಳಿಗೆಯನ್ನೂ ನುಂಗಿರಲಿಲ್ಲ, ಒಂದು ಸೂಜಿಯನ್ನೂ ಚುಚ್ಚಿಸಿಕೊಂಡಿರಲಿಲ್ಲ. ವರ್ಷ ತುಂಬಿದರೂ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಹೋಗಬೇಕು, ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಮೊದಲ ಹಂತದ ಪರೀಕ್ಷೆಗಳು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತವೆ. ನಾಚಿಕೆ ಆಗುವವರು ಅಣ್ಣನಂಥ ಒಬ್ಬನನ್ನು ಜತೆಗೆ ಕರೆದುಕೊಂಡು ಹೋಗಲಿ.

ಮೂರನೆಯ ಭ್ರೂಣ ಇನ್ನೂ ಹುಬ್ಬಳ್ಳಿಯಲ್ಲಿದೆ. ಕಾನೂನಿನ ಪ್ರಕಾರ 10 ವರ್ಷದವರೆಗೆ ಇಡಬಹುದು. ವರ್ಷಕ್ಕೆ 12 ಸಾವಿರ ಬಾಡಿಗೆ. ಪ್ರತಿ ನವೆಂಬರ್ ಮೆಸೇಜು ಬರುತ್ತದೆ: ಮುಂದುವರಿಸುತ್ತೀರಾ, ಇಲ್ಲವಾ? ಅದನ್ನೂ ಬಿಡಿಸಿಕೊಳ್ಳಲು ಇನ್ನೊಂದು ನಲವತ್ತೈದು ಸಾವಿರ ಬೇಕು, ಅದಕ್ಕಿಂತ ಹೆಚ್ಚಾಗಿ ಆ ಎರಡು ವಾರ ಇನ್ನೊಮ್ಮೆ ಕಾಯುವ ಎದೆ ಬೇಕು. ದತ್ತು ತೆಗೆದುಕೊಳ್ಳುವ ಅರ್ಜಿಯ ಬಗ್ಗೆಯೂ ಕೇಳಿಕೊಂಡು ಬಂದಿದ್ದಾರೆ, ಅಲ್ಲೂ ವರ್ಷಗಟ್ಟಲೆ ಕಾಯಬೇಕು. ಅವ್ವ ಮಂಗಳವಾರ ಬಿಟ್ಟಿಲ್ಲ. ಈಗ ಅವಳೇ ಉಪವಾಸ ಇರುತ್ತಾಳೆ.

ಈ ಸಲ ಗೋವಿನಜೋಳ ಮಾರಿ ಬಂದ ದಿನ ಅಣ್ಣ ಕೈಕಾಲು ತೊಳೆಯುವ ಮೊದಲೇ ಫೋನು ನನ್ನ ಕೈಗೆ ಕೊಟ್ಟ. ‘ಆ ಹನ್ನೆರಡು ಸಾವಿರ ಹಾಕಿಬಿಡು’ ಅಂದ. ವೈನಿ ಒಲೆಯ ಮುಂದಿದ್ದಳು. ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ನಾನು ಹಾಕಿದೆ.